ಭೂಗರ್ಭದ ಡೀಸೆಲ್ ಮತ್ತು ಹೊಂಗೆಯ ಡೀಸೆಲ್

ವ್ಯವಸಾಯಕ್ಕೆ ನೀರು, ಬೀಜ, ಗೊಬ್ಬರಗಳು ಎಷ್ಟು ಅವಶ್ಯಕವೋ, ಈ ಕಾಲದಲ್ಲಿ ಇಂಧನವೂ ಅಷ್ಟೇ ಅವಶ್ಯಕವಾದ ವಸ್ತುವಾಗಿ ಪರಿಣಮಿಸಿರುವುದು. ಹಿಂದೆ ಎತ್ತುಗಳು ಮೇವನ್ನು ತಿಂದು ಉಳುತ್ತಿದ್ದುವು. ಆ ಮೇವು ಒಕ್ಕಲಿಗನ ಹೊಲದಲ್ಲಿಯೇ ಬೆಳೆಯುತ್ತಿದ್ದಿತು. ಈಗ ಉಳುವ ಟ್ರ್ಯಾಕ್ಟರು, ಕೆಸರು ಕಲಸುವ ಟಿಲ್ಲರು, ವಿದ್ಯುಚ್ಛಕ್ತಿಯಿಲ್ಲದ ಕಡೆ ನೀರೆತ್ತುವ ಪಂಪು, ಒಕ್ಕಣೆಯ ಯಂತ್ರ, ಫಸಲನ್ನು ಪೇಟೆಗೆ ಸಾಗಿಸುವ ಲಾರಿ, ಇವೆಲ್ಲವೂ ಡೀಸೆಲ್ ಎಣ್ಣೆಯನ್ನೇ ಕುಡಿಯತಕ್ಕುವು. ಈ ಎಣ್ಣೆಯು ಹೊಲದಲ್ಲಿ ಬೆಳೆಯುವುದಿಲ್ಲ. ಅದಕ್ಕೆ ತೆರುವ ಹಣವು ಗ್ರಾಮದಿಂದ ಹೊರಕ್ಕೆ ಹೋಗುವುದು. ಹೋದ ಹಣವು ಹಿಂದಿರುಗಿ ಬರುವುದು ಅಪೂರ್ವ. ಆದುದರಿಂದ, ನೆಲದೊಳಗಿಂದ ತೆಗೆದ ಡೀಸೆಲಿಗೆ ಬದಲಾಗಿ ಮರದ ಬೀಜದಿಂದ ತೆಗೆದ ಡೀಸೆಲನ್ನು ಉಪಯೋಗಿಸಬಹುದೆಂಬ ಮಾತು ಬಂದಾಗಲೆಲ್ಲ ಜಮೀನುದಾರರು ಕಿವಿಗೊಡುವುದು ಸ್ವಾಭಾವಿಕವೇ. ಆ ಮಾತಿನಲ್ಲಿ ಸತ್ಯಾಂಶವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದನ್ನು ತೂಗಿ ನೋಡದೆ ಜಮೀನನ್ನಾಗಲಿ ಯಂತ್ರವನ್ನಾಗಲಿ ಅದಕ್ಕೆ ಒಪ್ಪಿಸಿದವರು ನಷ್ಟಪಟ್ಟಿರುವ ಸಂದರ್ಭಗಳೂ ಉಂಟು. ಈ ಎರಡು ಬಗೆಯ ಎಣ್ಣೆಗಳ ಗುಣದೋಷಗಳನ್ನು ಕ್ರಮವಾಗಿ ವಿವರಿಸುವುದೇ ಈ ಲೇಖನದ ಉದ್ದೇಶವು.

ಹುಣಸೂರು, ಹೆಗ್ಗಡದೇವನಕೋಟೆಗಳ ಕಡೆಯಿಂದ ಮೈಸೂರಿಗೆ ಬರುವ ಜಮೀನುದಾರರಿಗೆ ಸರಸ್ವತಿಪುರಂ ಬಡಾವಣೆಯು ಅಪರಿಚಿತವಾದುದಲ್ಲ. ಅನೇಕರ ಮಕ್ಕಳು ಅಲ್ಲಿಯ ವಿದ್ಯಾರ್ಥಿನಿಲಯಗಳಲ್ಲಿದ್ದು ವಿದ್ಯಾಭ್ಯಾಸ ಮಾಡುತ್ತಿರುವರು. ಈ ಬಡಾವಣೆಯ ಸುತ್ತಮುತ್ತ ಒಂದು ಸುತ್ತು ಬಂದರೆ ಈ ಲೇಖನಕ್ಕೆ ಬೇಕಾದ ಮೂರು ವಸ್ತುಗಳೂ ಕಣ್ಣಿಗೆ ಬೀಳುವುವು. ಮೊದಲನೆಯದು, ವಾಹನಗಳಿಗೆ ಡೀಸೆಲ್ ತುಂಬುವ ಬಂಕು. ಎರಡನೆಯದು, ಮೈಸೂರಿನ ಬೀದಿಬದಿಗಳಲ್ಲಿಯೂ ಕೆರೆಯ ದಡಗಳಲ್ಲಿಯೂ ನೆರಳು ಕೊಡುತ್ತ ನಿಂತಿರುವ ಹೊಂಗೆಯ ಮರ. ಮೂರನೆಯದು, ವಿದ್ಯಾರ್ಥಿಗಳಿಗೆ ಊಟ ತಿಂಡಿಗಳನ್ನು ಒದಗಿಸುವ ಹೋಟೆಲುಗಳ ಬಾಣಲೆಯಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆ. ಬಂಕಿನ ಎಣ್ಣೆಯು ಮಾಮೂಲು ಡೀಸೆಲು. ಹೊಂಗೆಯ ಎಣ್ಣೆ ಮತ್ತು ಬಾಣಲೆಯ ಎಣ್ಣೆ ಇವೆರಡರಿಂದಲೂ ಮರಳಿ ಬೆಳೆಯಬಲ್ಲ, ಎಂದರೆ ನವೀಕರಿಸಬಹುದಾದ, ಡೀಸೆಲನ್ನು ಮಾಡಬಹುದು.

ಮಾಮೂಲು ಡೀಸೆಲ್

ಮಾಮೂಲು ಡೀಸೆಲ್ ಭೂಗರ್ಭದಿಂದ ತೆಗೆದ ಕಚ್ಚಾ ಎಣ್ಣೆಯ ಒಂದು ಭಾಗವು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಹೂತುಹೋದ ಸೂಕ್ಷ್ಮ ಜೀವಿಗಳ ಅವಶೇಷವು ಭೂಮಿಯ ಶಾಖ ಮತ್ತು ಒತ್ತಡಗಳಿಂದ ಈ ರೂಪವನ್ನು ತಾಳಿತು. ಕಚ್ಚಾ ಎಣ್ಣೆಯನ್ನು ಕಾಯಿಸಿ ಭಟ್ಟಿಯಿಳಿಸುವಾಗ ಮೊದಲು ಹಗುರವಾದ ಅನಿಲ, ಪೆಟ್ರೋಲುಗಳೂ, ತರುವಾಯ ಸೀಮೆಎಣ್ಣೆಯೂ, ಅದರ ಮೇಲೆ ಸುಮಾರು 180ರಿಂದ 360 ಡಿಗ್ರಿ ಸೆಂಟಿಗ್ರೇಡ್ ಶಾಖದವರೆಗಿನ ಭಾಗದಲ್ಲಿ ಡೀಸೆಲೂ ದೊರೆಯುವುವು. ಭಾರತಕ್ಕೆ ಬೇಕಾಗುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಭತ್ತಕ್ಕೂ ಮೀರಿದ ಪಾಲು ಹೊರದೇಶಗಳಿಂದ ಹಡಗಿನಲ್ಲಿ ಬರುವುದು. ಕರ್ನಾಟಕದಲ್ಲಿ ಈ ಎಣ್ಣೆಯನ್ನು ಶುದ್ಧಿಮಾಡುವ ಕಾರ್ಖಾನೆಯು ಮಂಗಳೂರಿನಲ್ಲಿದೆ. ಅಲ್ಲಿಂದ ಹಾಸನದ ಮೂಲಕ ಬೆಂಗಳೂರಿನ ಬಳಿಯ ದೇವನಗೊಂದಿಯವರೆಗೆ ಸುಮಾರು 362 ಕಿಲೋಮೀಟರು ಉದ್ದದ ಕೊಳವೆಯ ಮಾರ್ಗವು 2003ರಿಂದ ಕೆಲಸಮಾಡುತ್ತಿರುವುದು. ಘಟ್ಟದ ಕೆಳಗಿನಿಂದ ಡೀಸೆಲು ಈ ಕೊಳವೆಯಲ್ಲಿ ಬಯಲುಸೀಮೆಗೆ ಹರಿದುಬರುವುದು.

ಈ ಡೀಸೆಲಿನ ಮುಖ್ಯ ಗುಣವೆಂದರೆ ಸಮತೆ. ಮೈಸೂರಿನಲ್ಲಿ ಕೊಂಡರೂ ಬೀದರಿನಲ್ಲಿ ಕೊಂಡರೂ ಅದು ಒಂದೇ ಮಟ್ಟದ್ದಾಗಿರತಕ್ಕದ್ದೆಂದು ಸರ್ಕಾರದ ಮಾನದಂಡವು ವಿಧಿಸಿರುವುದು. ಒಂದು ಕಿಲೋಗ್ರಾಂ ಡೀಸೆಲನ್ನು ಸುಟ್ಟರೆ ಸುಮಾರು 10,200 ಕಿಲೋಕ್ಯಾಲೊರಿ ಶಾಖವು ಹುಟ್ಟುವುದು. ಇದು ತೆಳುವಾದ ದ್ರವವಾದುದರಿಂದ ಯಂತ್ರದ ಸಿಂಪಡಿಕೆಯ ಮೂತಿಯಲ್ಲಿ ಸಣ್ಣ ಮಂಜಿನಂತೆ ಚದುರಿ ಪೂರ್ಣವಾಗಿ ಉರಿಯುವುದು. ಮುಚ್ಚಿದ ಪಾತ್ರೆಯಲ್ಲಿ ಶುಚಿಯಾಗಿಟ್ಟರೆ ಬಹುಕಾಲ ಕೆಡುವುದಿಲ್ಲ. ಹಿಂದೆ ಇದರಲ್ಲಿ ಗಂಧಕದ ಅಂಶವು ಹೇರಳವಾಗಿದ್ದು ಹೊಗೆಯು ಬಹಳ ಹಾನಿಕರವಾಗಿದ್ದಿತು. 2020ನೆಯ ಇಸವಿ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಭಾರತ್ ಸ್ಟೇಜ್ ಆರನೆಯ ಮಟ್ಟದ ಡೀಸೆಲಿನಲ್ಲಿ ಗಂಧಕವು ಹತ್ತು ಲಕ್ಷಕ್ಕೆ 10 ಪಾಲನ್ನು ಮೀರಕೂಡದು. ಇದಕ್ಕೆ ಮುಂಚಿನ ಮಟ್ಟದಲ್ಲಿ 50 ಪಾಲಿಗೆ ಅವಕಾಶವಿದ್ದಿತು.

ದೋಷಗಳು ಎರಡು. ಒಂದು, ಹೊರದೇಶದ ಯುದ್ಧ ವಿಗ್ರಹಗಳಿಂದ ಇದರ ಬೆಲೆಯು ಏರಿದರೆ ನಮ್ಮ ಹಳ್ಳಿಯ ಉಳುಮೆಯ ಕೂಲಿಯೂ ಏರುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವವುಂಟಾಗಿ, ಬೆನ್ನಿಗೆ ಒಲೆಯನ್ನು ಕಟ್ಟಿಕೊಂಡ ಮೋಟಾರು ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಾಡಿದುದನ್ನು ಹಿರಿಯರು ಹೇಳುತ್ತಿದ್ದರು. ಪರಾಧೀನವಾದ ಇಂಧನಕ್ಕೆ ಇಂತಹ ಅಪಾಯವು ಯಾವಾಗಲೂ ಇದ್ದೇ ಇರುವುದು. ಇನ್ನೊಂದು, ಒಂದು ಲೀಟರು ಡೀಸೆಲನ್ನು ಸುಟ್ಟರೆ ಸುಮಾರು 2.6 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುವುದು. ಇದು ಕೋಟ್ಯಂತರ ವರ್ಷ ನೆಲದೊಳಗೆ ಅಡಗಿದ್ದ ಇಂಗಾಲ. ಹೊಸದಾಗಿ ಗಾಳಿಗೆ ಬಂದು ಭೂಮಿಯ ಶಾಖವನ್ನು ಹೆಚ್ಚಿಸಿ ಮಳೆಯ ಕ್ರಮವನ್ನು ಕೆಡಿಸುವುದು. ಮಳೆಯನ್ನೇ ನಂಬಿದ ಒಕ್ಕಲಿಗನಿಗೆ ಇದು ದೂರದ ವಿಷಯವಲ್ಲ.

ಬೀಜದ ಎಣ್ಣೆಯಿಂದ ಯಂತ್ರವನ್ನು ನಡೆಸುವುದು ಹೊಸದಲ್ಲ

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಯಂತ್ರಶಾಸ್ತ್ರಜ್ಞನು ರಚಿಸಿದ ಈ ಯಂತ್ರವು 1893ನೆಯ ಇಸವಿ ಆಗಸ್ಟ್ 10ರಲ್ಲಿ ಪ್ರಥಮವಾಗಿ ಪರೀಕ್ಷೆಗೆ ಒಳಗಾಯಿತು. ಆ ದಿನವನ್ನೇ ಈಗ ಜೈವಿಕ ಇಂಧನದ ದಿನವೆಂದು ಆಚರಿಸುವ ಪದ್ಧತಿಯಿರುವುದರಿಂದ, ಆ ದಿವಸ ಯಂತ್ರವು ಕಡಲೆಕಾಯಿ ಎಣ್ಣೆಯಿಂದ ನಡೆಯಿತೆಂದು ಅನೇಕರು ಬರೆಯುವುದುಂಟು, ಇದು ಸರಿಯಲ್ಲ. ಕಡಲೆಕಾಯಿ ಎಣ್ಣೆಯ ಪ್ರಯೋಗವು ನಡೆದುದು 1900ರಲ್ಲಿ, ಪ್ಯಾರಿಸ್ ನಗರದ ಮಹಾಪ್ರದರ್ಶನದಲ್ಲಿ. ಫ್ರೆಂಚ್ ಸರ್ಕಾರದ ಅಪೇಕ್ಷೆಯ ಮೇರೆಗೆ ಆಟೋ ಕಂಪೆನಿಯವರು ಅಲ್ಲಿ ಒಂದು ಸಣ್ಣ ಡೀಸೆಲ್ ಯಂತ್ರವನ್ನು ಆ ಎಣ್ಣೆಯಿಂದ ನಡೆಯಿಸಿ ತೋರಿಸಿದರು. ಆಫ್ರಿಕದ ವಸಾಹತುಗಳಲ್ಲಿ ಸ್ಥಳೀಯವಾಗಿ ಬೆಳೆಯುವ ಎಣ್ಣೆಯಿಂದಲೇ ಯಂತ್ರಗಳು ನಡೆಯಲಿ ಎಂಬುದು ಆ ಸರ್ಕಾರದ ಉದ್ದೇಶವಾಗಿದ್ದಿತು.

ಕರ್ನಾಟಕದಲ್ಲಿ ಇದೇ ಯುಕ್ತಿಯನ್ನು ಹೊಂಗೆಯ ಎಣ್ಣೆಯಿಂದ ಪರೀಕ್ಷಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸ ಅವರು ಪ್ರಮುಖರು. 1990ರ ದಶಕದ ಕೊನೆಯಲ್ಲಿ ಅವರ ತಂಡದವರು ಕಗ್ಗನಹಳ್ಳಿಯೆಂಬ ಗ್ರಾಮದಲ್ಲಿ ಹೊಂಗೆಯ ಎಣ್ಣೆಯಿಂದ ವಿದ್ಯುಜ್ಜನಕ ಯಂತ್ರಗಳನ್ನು ನಡೆಯಿಸಿ, ಆ ವಿದ್ಯುಚ್ಛಕ್ತಿಯಿಂದ ಕೊಳವೆಬಾವಿಗಳ ನೀರನ್ನು ಎತ್ತಿ ಒಣಭೂಮಿಗೆ ಹಾಯಿಸಿದರು. ಹೊಸದಾಗಿ ಕಂಡುಹಿಡಿದ ವಸ್ತು ಯಾವುದೂ ಅಲ್ಲಿ ಇರಲಿಲ್ಲ. ಹಿಂದೆ ದೀಪಕ್ಕೆ ಹಾಕುತ್ತಿದ್ದ ಎಣ್ಣೆಯೇ ಯಂತ್ರಕ್ಕೆ ಹೋಯಿತು. ಹಿಂಡಿಯು ಗೊಬ್ಬರವಾಗಿ ಹೊಲಕ್ಕೆ ಹೋಯಿತು.

ಹಸಿ ಎಣ್ಣೆಯ ತೊಡಕು

ಆದಾಗ್ಯೂ ಗಾಣದ ಎಣ್ಣೆಯನ್ನು ಹಾಗೆಯೇ ಎಲ್ಲ ಯಂತ್ರಗಳಿಗೂ ಹಾಕಬಹುದೆಂದು ಭಾವಿಸಕೂಡದು. ಹೊಂಗೆಯ ಎಣ್ಣೆಯು ಡೀಸೆಲಿಗಿಂತ ಸುಮಾರು ಹತ್ತರಷ್ಟು ಮಂದವಾದುದು. ಮಂದವಾದ ಎಣ್ಣೆಯು ಮೂತಿಯಲ್ಲಿ ಮಂಜಾಗಿ ಚದುರದೆ ದಪ್ಪ ಹನಿಗಳಾಗಿ ಬೀಳುವುದು. ಹನಿಯ ಹೊರಭಾಗವು ಉರಿದು ಒಳಭಾಗವು ಕರಿಯಾಗಿ ಮೂತಿಗೂ ಕೊಂತದ ಬಳೆಗಳಿಗೂ ಅಂಟುವುದು. ಉರಿಯದೆ ಉಳಿದುದು ಕೆಳಕ್ಕಿಳಿದು ಯಂತ್ರದ ಕೀಲೆಣ್ಣೆಯೊಡನೆ ಸೇರಿ ಅದನ್ನು ಅಂಟಿನಂತೆ ಮಾಡುವುದು. ನಿಧಾನವಾಗಿ ತಿರುಗುವ ಹಳೆಯ ಮಾದರಿಯ ಸ್ಥಿರಯಂತ್ರಗಳು ಎಣ್ಣೆಯನ್ನು ಮೊದಲೇ ಬಿಸಿಮಾಡಿ ಕೊಟ್ಟರೆ ಇದನ್ನು ಸಹಿಸುವುವು. ಅಧಿಕ ಒತ್ತಡದಲ್ಲಿ ಎಣ್ಣೆಯನ್ನು ಸಿಂಪಡಿಸುವ ಈಚಿನ ಟ್ರ್ಯಾಕ್ಟರುಗಳೂ ಜೀಪುಗಳೂ ಲೇಶಮಾತ್ರವೂ ಸಹಿಸಲಾರವು. ಅಂತಹ ಯಂತ್ರಕ್ಕೆ ಹಸಿ ಎಣ್ಣೆಯನ್ನು ಹಾಕಿದವನು ಲೀಟರಿಗೆ ಕೆಲವು ರೂಪಾಯಿಗಳನ್ನು ಉಳಿಸಹೋಗಿ ರಿಪೇರಿಗೆ ಸಾವಿರಾರು ರೂಪಾಯಿಗಳನ್ನು ತೆರಬೇಕಾಗುವುದು.

ಜೈವಿಕ ಡೀಸೆಲ್

ಈ ತೊಡಕನ್ನು ನಿವಾರಿಸುವುದಕ್ಕೆ ಎಣ್ಣೆಯನ್ನೇ ತೆಳುವಾಗಿ ಮಾರ್ಪಡಿಸುವ ಕ್ರಮವೊಂದುಂಟು. ಬೆಲ್ಜಿಯಂ ದೇಶದ ಬ್ರಸೆಲ್ಸ್ ವಿಶ್ವವಿದ್ಯಾನಿಲಯದ ಶಾವನ್ ಎಂಬವರಿಗೆ ಈ ಕ್ರಮಕ್ಕಾಗಿ 1937ರಲ್ಲಿ ಹಕ್ಕುಪತ್ರವು ದೊರೆಯಿತು. ಮರುವರ್ಷವೇ ಬ್ರಸೆಲ್ಸ್ ಮತ್ತು ಲೂವೇನ್ ನಗರಗಳ ನಡುವೆ ತಾಳೆಯೆಣ್ಣೆಯಿಂದ ಮಾಡಿದ ಇಂಧನದಲ್ಲಿ ಬಸ್ಸೊಂದು ಸಂಚರಿಸಿತು. ಯಾವ ಬೀಜದ ಎಣ್ಣೆಯಲ್ಲಿಯೂ ಒಂದು ಗ್ಲಿಸರಿನ್ ಕಣಕ್ಕೆ ಮೂರು ಕೊಬ್ಬಿನ ಆಮ್ಲಗಳು ಜೋತುಬಿದ್ದಿರುವುವು. ಮೆಥಿಲ್ ಮದ್ಯಸಾರವನ್ನೂ ಸ್ವಲ್ಪ ಕಾಸ್ಟಿಕ್ ಸೋಡವನ್ನೂ ಬೆರಸಿ ಸುಮಾರು 60 ಡಿಗ್ರಿ ಶಾಖದಲ್ಲಿ ಕಲಕಿದರೆ, ಗ್ಲಿಸರಿನ್ ಬಿಟ್ಟುಹೋಗಿ ಆ ಸ್ಥಾನಕ್ಕೆ ಮದ್ಯಸಾರವು ಬರುವುದು. ಗ್ಲಿಸರಿನ್ ಭಾರವಾದುದರಿಂದ ತಳಕ್ಕಿಳಿಯುವುದು. ಮೇಲೆ ನಿಂತ ತೆಳುವಾದ ಎಣ್ಣೆಯನ್ನು ತೊಳೆದು ಒಣಗಿಸಿದರೆ ಅದೇ ಜೈವಿಕ ಡೀಸೆಲು. ನೂರು ಕಿಲೋಗ್ರಾಂ ಎಣ್ಣೆಗೆ ಹತ್ತು ಕಿಲೋಗ್ರಾಮಿನಷ್ಟು ಗ್ಲಿಸರಿನ್ ದೊರೆಯುವುದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಮೆಥಿಲ್ ಮದ್ಯಸಾರವು ಘೋರವಾದ ವಿಷ, ಸ್ವಲ್ಪ ಕುಡಿದರೂ ಕಣ್ಣು ಹೋಗುವುದು, ಪ್ರಾಣವೂ ಹೋಗಬಹುದು, ಬೇಗ ಹೊತ್ತಿಕೊಳ್ಳುವುದು. ಆದುದರಿಂದ ಮನೆಯ ಹಿತ್ತಿಲಿನಲ್ಲಿ ಈ ಕೆಲಸವನ್ನು ಮಾಡಕೂಡದು. ಎರಡನೆಯದಾಗಿ, ತೇವದಲ್ಲಿಟ್ಟ ಬೀಜದಿಂದ ತೆಗೆದ ಎಣ್ಣೆಯಲ್ಲಿ ಬಿಡಿ ಆಮ್ಲವು ಹೆಚ್ಚಾಗಿ, ಮೇಲೆ ಹೇಳಿದ ಕ್ರಮದಲ್ಲಿ ಡೀಸೆಲಾಗುವುದಕ್ಕೆ ಬದಲಾಗಿ ಸಾಬೂನಾಗುವುದು. ಒಳ್ಳೆಯ ಜೈವಿಕ ಡೀಸೆಲಿಗೆ ಮೂಲವು ಒಕ್ಕಲಿಗನು ಬೀಜವನ್ನು ಚೆನ್ನಾಗಿ ಒಣಗಿಸಿಡುವುದರಲ್ಲಿದೆಯೆಂಬುದನ್ನು ಜ್ಞಾಪಕದಲ್ಲಿಡತಕ್ಕದ್ದು.

ಮಾಮೂಲು ಡೀಸೆಲಿನೊಡನೆ ಹೋಲಿಸಿದರೆ ಜೈವಿಕ ಡೀಸೆಲಿನ ಗುಣಗಳು ಹೀಗಿವೆ. ಇದರಲ್ಲಿ ನೂರಕ್ಕೆ 11 ಪಾಲು ಆಮ್ಲಜನಕವಿರುವುದರಿಂದ ಹೊಗೆಯ ಕರಿಯು ಕಡಮೆ. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯವರು 2002ರಲ್ಲಿ ಅನೇಕ ಪರೀಕ್ಷೆಗಳನ್ನು ಕ್ರೋಡೀಕರಿಸಿ, ನೂರಕ್ಕೆ 20 ಪಾಲು ಜೈವಿಕ ಡೀಸೆಲ್ ಬೆರಸಿದಾಗ ಕರಿಯ ಕಣಗಳು ನೂರಕ್ಕೆ 10ರಷ್ಟೂ, ಇಂಗಾಲದ ಮಾನಾಕ್ಸೈಡ್ 11ರಷ್ಟೂ ಇಳಿಯುವುವೆಂದೂ, ಸಾರಜನಕದ ಆಕ್ಸೈಡುಗಳು ಮಾತ್ರ 2ರಷ್ಟು ಏರುವುವೆಂದೂ ತಿಳಿಸಿದರು. ಗಂಧಕವನ್ನು ತೆಗೆದುಹಾಕಿದ ಡೀಸೆಲು ತನ್ನ ಸ್ವಾಭಾವಿಕ ನುಣುಪನ್ನು ಕಳೆದುಕೊಳ್ಳುವುದು; ಅದಕ್ಕೆ ನೂರಕ್ಕೆ ಒಂದೆರಡು ಪಾಲು ಜೈವಿಕ ಡೀಸೆಲನ್ನು ಬೆರಸಿದರೂ ನುಣುಪು ಹಿಂದಿರುಗಿ ಪಂಪಿನ ಸವೆತವು ತಗ್ಗುವುದು. ಬೆಂಕಿಯ ಅಪಾಯವೂ ಕಡಮೆ. ಮಾಮೂಲು ಡೀಸೆಲಿನ ಹೊತ್ತುಬಿಂದುವು 35 ಡಿಗ್ರಿಗೆ ಕಡಮೆಯಿರಕೂಡದೆಂದು ಮಾನದಂಡವಿದ್ದರೆ, ಶುದ್ಧವಾದ ಜೈವಿಕ ಡೀಸೆಲಿನ ಹೊತ್ತುಬಿಂದುವು 100 ಡಿಗ್ರಿಗೂ ಮೇಲಿರುವುದು. ಸರಸ್ವತಿಪುರಂನಲ್ಲಿಯೇ ಅಗ್ನಿಶಾಮಕ ಠಾಣೆಯಿರುವುದರಿಂದ ಆ ಬಡಾವಣೆಯವರಿಗೆ ಸಹಾಯವು ಹತ್ತಿರವಿರಬಹುದು. ತಾಲ್ಲೂಕು ಕೇಂದ್ರದಿಂದ ದೂರವಾದ ಗ್ರಾಮದಲ್ಲಿ, ಹುಲ್ಲಿನ ಬಣವೆಯ ಸಮೀಪದಲ್ಲಿ ಪೀಪಾಯಿಯನ್ನಿಡುವ ರೈತನಿಗೆ ಈ ಗುಣವು ಸಾಮಾನ್ಯವಾದುದಲ್ಲ.

ದೋಷಗಳನ್ನೂ ಹೇಳಬೇಕು. ಸಮಾನವಾದ ಅಳತೆಯಲ್ಲಿ ಇದರ ಶಾಖವು ನೂರಕ್ಕೆ ಸುಮಾರು 8ರಷ್ಟು ಕಡಮೆ. ಆದುದರಿಂದ ಅದೇ ಕೆಲಸಕ್ಕೆ ಸ್ವಲ್ಪ ಹೆಚ್ಚಿನ ಎಣ್ಣೆಯು ಬೇಕು. ಗಾಳಿ ಮತ್ತು ತೇವಗಳು ತಾಗಿದರೆ ಕೆಲವು ತಿಂಗಳುಗಳಲ್ಲಿಯೇ ಕೆಟ್ಟು ಹುಳಿಯಾಗುವುದು. ಹಳೆಯ ರಬ್ಬರಿನ ಕೊಳವೆಗಳನ್ನು ಮೆತ್ತಗೆ ಮಾಡುವುದು. ತಾಮ್ರ, ಹಿತ್ತಾಳೆ, ಸತುಗಳ ಸಂಪರ್ಕದಲ್ಲಿ ಬೇಗನೆ ಕೆಡುವುದು. ಹಳೆಯ ಟ್ಯಾಂಕಿನ ಗಷ್ಟನ್ನು ಕರಗಿಸಿ ಹೊರಡಿಸುವುದರಿಂದ ಮೊದಮೊದಲು ಸೋಸುಕವು ಕಟ್ಟಿಕೊಳ್ಳುವುದು. ಚಳಿಯಲ್ಲಿ ಹೆಪ್ಪುಗಟ್ಟುವ ದೋಷವು ಉತ್ತರದೇಶಗಳಲ್ಲಿ ದೊಡ್ಡದಾದರೂ ಮೈಸೂರಿನ ಹವೆಯಲ್ಲಿ ಹೊಂಗೆಯ ಡೀಸೆಲಿಗೆ ಸಾಧಾರಣವಾಗಿ ಬಾಧಕವಾಗದು. ಈ ಕಾರಣಗಳಿಂದಲೇ ಭಾರತದ ಮಾನದಂಡವು ಮಾಮೂಲು ಡೀಸೆಲಿನಲ್ಲಿ ನೂರಕ್ಕೆ 7 ಪಾಲಿನವರೆಗೆ ಮಾತ್ರ ಜೈವಿಕ ಡೀಸೆಲ್ ಬೆರೆತಿರಲು ಅವಕಾಶ ಕೊಟ್ಟಿರುವುದು. ಈ ಪ್ರಮಾಣದ ಮಿಶ್ರಣದಿಂದ ಯಂತ್ರಕ್ಕೆ ಯಾವ ಮಾರ್ಪಾಟೂ ಬೇಕಾಗುವುದಿಲ್ಲ.

ಜಲಜನಕದಿಂದ ಸಂಸ್ಕರಿಸಿದ ಡೀಸೆಲ್

ಮೂರನೆಯ ಬಗೆಯೊಂದುಂಟು. ಇದರ ಹೆಸರೂ ಜೈವಿಕ ಡೀಸೆಲಿನ ಹೆಸರೂ ಬೆರೆತುಹೋಗಿ ಜನರಿಗೆ ಭ್ರಾಂತಿಯುಂಟಾಗುವುದು. ಇದರಲ್ಲಿ ಎಣ್ಣೆಗೆ ಮದ್ಯಸಾರವನ್ನು ಸೇರಿಸುವುದಿಲ್ಲ. ಸುಮಾರು 300ರಿಂದ 400 ಡಿಗ್ರಿ ಶಾಖದಲ್ಲಿ, ಬಹಳ ಒತ್ತಡದಲ್ಲಿ, ಜಲಜನಕವನ್ನು ಹಾಯಿಸಿ ಎಣ್ಣೆಯಲ್ಲಿರುವ ಆಮ್ಲಜನಕವನ್ನು ಕಿತ್ತುಹಾಕುವರು. ಉಳಿಯುವುದು ಮಾಮೂಲು ಡೀಸೆಲಿನ ಜಾತಿಯದೇ ಆದ ಹೈಡ್ರೋಕಾರ್ಬನ್ನು. ಇದು ಹುಳಿಯಾಗುವುದಿಲ್ಲ, ರಬ್ಬರನ್ನು ಕೆಡಿಸುವುದಿಲ್ಲ, ಯಾವ ಪ್ರಮಾಣದಲ್ಲಿಯೂ ಬೆರಸಬಹುದು. ಬೇಗ ಹೊತ್ತಿಕೊಂಡು ಉರಿಯುವ ಶಕ್ತಿಯನ್ನು ಅಳೆಯುವ ಸೀಟೇನ್ ಅಂಕವು ಮಾಮೂಲು ಡೀಸೆಲಿಗೆ 51ಕ್ಕೆ ಕಡಮೆಯಿರಕೂಡದೆಂದಿದ್ದರೆ, ಇದಕ್ಕೆ 70ಕ್ಕೂ ಮೇಲಿರುವುದು.

ಫಿನ್ಲೆಂಡ್ ದೇಶದ ಪೋರ್ವೋ ಎಂಬಲ್ಲಿ ನೆಸ್ಟೆ ಕಂಪೆನಿಯವರು 2007ರಲ್ಲಿ ಇಂತಹ ಕಾರ್ಖಾನೆಯನ್ನು ತೆರೆದರು. ತರುವಾಯ ಸಿಂಗಪುರ, ರಾಟರ್‌ಡ್ಯಾಮ್‌ಗಳಲ್ಲಿಯೂ ಸ್ಥಾಪಿಸಿದರು. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ 2023ರ ಮೊದಲ ಮೂರು ತಿಂಗಳುಗಳಲ್ಲಿ ಡೀಸೆಲಿನ ಅರ್ಧಭಾಗದ ಸ್ಥಾನವನ್ನು ಶುದ್ಧ ಇಂಧನಗಳು ಆಕ್ರಮಿಸಿದುವು. ಅವುಗಳಲ್ಲಿ ಮುಖ್ಯವಾದುವು ಈ ಬಗೆಯ ಡೀಸೆಲೂ ಜೈವಿಕ ಡೀಸೆಲೂ. ಗುಣದಲ್ಲಿ ಇದು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಾಖ, ಒತ್ತಡ, ಜಲಜನಕಗಳ ಈ ವ್ಯವಹಾರವು ದೊಡ್ಡ ಬಂಡವಾಳದ ಕಾರ್ಖಾನೆಗೆ ಸಾಧ್ಯವೇ ಹೊರತು ಗ್ರಾಮಕ್ಕಾಗಲಿ ಸಹಕಾರ ಸಂಘಕ್ಕಾಗಲಿ ಸಾಧ್ಯವಲ್ಲ. ಇಲ್ಲಿ ಒಕ್ಕಲಿಗನು ಬೀಜವನ್ನು ಮಾರುವವನಾಗಬಲ್ಲನೇ ವಿನಾ ಡೀಸೆಲನ್ನು ಮಾಡುವವನಾಗಲಾರನು.

ಕಾಡುಹರಳಿನಿಂದ ಕಲಿತ ಪಾಠ

ಇಂಧನದ ಗಿಡಗಳ ವಿಷಯದಲ್ಲಿ ಈ ದೇಶವು ಒಂದು ದೊಡ್ಡ ಪ್ರಯೋಗವನ್ನು ಈಗಾಗಲೇ ಮಾಡಿ ಮುಗಿಸಿರುವುದು. 2003ರಲ್ಲಿ ಯೋಜನಾ ಆಯೋಗದ ಸಮಿತಿಯು, ಒಂದು ಕೋಟಿಗೂ ಮೀರಿದ ಹೆಕ್ಟೇರು ಭೂಮಿಯಲ್ಲಿ ಕಾಡುಹರಳು, ಎಂದರೆ ಜತ್ರೋಪ ಗಿಡವನ್ನು ಬೆಳೆದು ಡೀಸೆಲಿಗೆ ಬೆರಸಬೇಕೆಂದು ಸಲಹೆಮಾಡಿತು. ಅದಕ್ಕೆ ಹಿಂದಿನ ವರ್ಷ, 2002ರ ಡಿಸೆಂಬರ್ 31ರಲ್ಲಿ, ದೆಹಲಿಯಿಂದ ಅಮೃತಸರಕ್ಕೆ ಹೋಗುವ ಶತಾಬ್ದಿ ರೈಲನ್ನು ನೂರಕ್ಕೆ 5 ಪಾಲು ಜೈವಿಕ ಡೀಸೆಲ್ ಬೆರಸಿ ಓಡಿಸಿಯೂ ಆಗಿದ್ದಿತು. 2009ರ ರಾಷ್ಟ್ರೀಯ ನೀತಿಯು 2017ರ ವೇಳೆಗೆ ನೂರಕ್ಕೆ 20ರಷ್ಟು ಮಿಶ್ರಣವಾಗಬೇಕೆಂದು ಗುರಿಯಿಟ್ಟಿತು. ಬರಡು ನೆಲದಲ್ಲಿ, ನೀರಿಲ್ಲದೆ, ಗೊಬ್ಬರವಿಲ್ಲದೆ ಜತ್ರೋಪವು ಹೇರಳವಾಗಿ ಕಾಯಿಬಿಡುವುದೆಂಬ ಪ್ರಚಾರವು ಎಲ್ಲೆಲ್ಲಿಯೂ ಹಬ್ಬಿತು.

ಫಲವೇನಾಯಿತು? ಬರಡು ನೆಲದಲ್ಲಿ ಗಿಡವು ಬದುಕಿತು, ಕಾಯಿಬಿಡಲಿಲ್ಲ. ಬದುಕುವುದು ಬೇರೆ, ಫಸಲು ಕೊಡುವುದು ಬೇರೆ. ನೀರು ಗೊಬ್ಬರಗಳನ್ನು ಕೊಟ್ಟ ಕಡೆ ಕಾಯಿಬಿಟ್ಟಿತು. ಆದರೆ ಅದೇ ನೀರು ಗೊಬ್ಬರಗಳಿಂದ ಬೇರೆ ಬೆಳೆಯು ಹೆಚ್ಚಿನ ಹಣವನ್ನು ತರುತ್ತಿದ್ದಿತು. ಕಾಯಿಗಳು ಒಮ್ಮೆಗೇ ಮಾಗದಿದ್ದುದರಿಂದ ಬಿಡಿಸುವ ಕೂಲಿಯೇ ಭಾರವಾಯಿತು. ಬೀಜವು ವಿಷಯುಕ್ತವಾದುದರಿಂದ ಮಕ್ಕಳು ತಿಂದರೆ ಅಪಾಯ. ಕೊಳ್ಳುವ ಗಿರಾಕಿಯೂ ನಿಶ್ಚಯವಿರಲಿಲ್ಲ. ಅನೇಕರು ಕೆಲವು ವರ್ಷಗಳ ತರುವಾಯ ಗಿಡಗಳನ್ನು ಕಿತ್ತುಹಾಕಿದರು. 2017 ಬಂದಾಗ ದೇಶದಲ್ಲಿ ಬೆರೆತಿದ್ದ ಜೈವಿಕ ಡೀಸೆಲು ನೂರಕ್ಕೆ ಒಂದು ಪಾಲೂ ಇರಲಿಲ್ಲ. 2018ರ ಹೊಸ ನೀತಿಯು ಗುರಿಯನ್ನು ತಗ್ಗಿಸಿ, 2030ರ ವೇಳೆಗೆ ನೂರಕ್ಕೆ 5 ಪಾಲು ಸಾಕೆಂದಿತು. ಗಿಡದ ಜಾತಿಯೊಂದನ್ನು ನೆಲದಲ್ಲಿ ಪರೀಕ್ಷಿಸದೆ ಸಾವಿರಾರು ಎಕರೆಗೆ ಹಬ್ಬಿಸಿದುದೇ ಈ ನಷ್ಟಕ್ಕೆ ಕಾರಣವು.

ಹೊಂಗೆಯ ಲೆಕ್ಕ

ಹೊಂಗೆಯ ವಿಷಯವು ಇದಕ್ಕಿಂತ ಭಿನ್ನವಾದುದು. ಏಕೆಂದರೆ ಇದು ಹೊರಗಿನಿಂದ ಬಂದ ಗಿಡವಲ್ಲ. ನಮ್ಮ ರೈತರು ಇದರ ಸೊಪ್ಪನ್ನು ಗದ್ದೆಗೆ ತುಳಿದು, ಹಿಂಡಿಯನ್ನು ಗೊಬ್ಬರಕ್ಕೆ ಹಾಕಿ, ಎಣ್ಣೆಯಿಂದ ದೀಪವನ್ನು ಹಚ್ಚಿ ಬಹುಕಾಲದಿಂದ ಬಲ್ಲರು. ಇದು ದ್ವಿದಳ ಜಾತಿಯ ಮರವಾದುದರಿಂದ ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಸಂಗ್ರಹಿಸುವುದು. ಹಾಸನದ ಬಳಿ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2007ರಲ್ಲಿ ಸ್ಥಾಪಿಸಿದ ಜೈವಿಕ ಇಂಧನ ಉದ್ಯಾನವು ಹೊಂಗೆ, ಬೇವು, ಹಿಪ್ಪೆ, ಸೀಮರೂಬ ಮೊದಲಾದ ಅನೇಕ ಜಾತಿಗಳನ್ನು ಹೊಲದ ಬದುಗಳಲ್ಲಿ ಬೆಳೆಸುವ ಕ್ರಮವನ್ನು ಬೋಧಿಸಿತು. ರಾಜ್ಯವು 2009ರಲ್ಲಿ ತನ್ನದೇ ಆದ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಅದರ ಮೇರೆಗೆ ಏರ್ಪಟ್ಟ ಮಂಡಲಿಯು ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರುಗಳಿಂದ ಸಸಿಗಳನ್ನು ಹಂಚಿ ನೆಡಿಸಿತು. ಹಲವು ಜಿಲ್ಲೆಗಳ ವಿದ್ಯಾಸಂಸ್ಥೆಗಳಲ್ಲಿ ಪ್ರಾತ್ಯಕ್ಷಿಕೆಯ ಕೇಂದ್ರಗಳನ್ನೂ ಏರ್ಪಡಿಸಿತು. ಇವುಗಳ ತತ್ತ್ವವೊಂದೇ: ಆಹಾರ ಬೆಳೆಯುವ ಭೂಮಿಯನ್ನು ಇಂಧನಕ್ಕೆ ಕೊಡಕೂಡದು, ಬದು, ಬೇಲಿ, ಹಳ್ಳದ ದಡ, ಖರಾಬು ಭೂಮಿಗಳನ್ನು ಮಾತ್ರ ಉಪಯೋಗಿಸತಕ್ಕದ್ದು.

ಈಗ ಲೆಕ್ಕವನ್ನು ನೋಡಬಹುದು. ಒಬ್ಬ ಜಮೀನುದಾರನ ಬದುಗಳಲ್ಲಿ ಬಲಿತ ಹೊಂಗೆಯ ಮರಗಳು 40 ಇರುವುವೆಂದು ಇಟ್ಟುಕೊಳ್ಳೋಣ. ಮರದಿಂದ ಮರಕ್ಕೆ ಇಳುವರಿಯು ಬಹಳ ವ್ಯತ್ಯಾಸವಾಗುವುದರಿಂದ ಮರವೊಂದಕ್ಕೆ 15 ಕಿಲೋಗ್ರಾಂ ಸುಲಿದ ಬೀಜವೆಂದು ಮಿತವಾಗಿ ಹಿಡಿದರೆ ವರ್ಷಕ್ಕೆ 600 ಕಿಲೋಗ್ರಾಂ ಬೀಜವಾಗುವುದು. ಗಾಣದಲ್ಲಿ 4 ಕಿಲೋಗ್ರಾಂ ಬೀಜಕ್ಕೆ ಒಂದು ಲೀಟರು ಎಣ್ಣೆಯಂತೆ 150 ಲೀಟರು ದೊರೆಯುವುದು. ಇದನ್ನು ಜೈವಿಕ ಡೀಸೆಲಾಗಿ ಮಾರ್ಪಡಿಸುವಾಗ ತೊಳೆತ ಸೋರಿಕೆಗಳಲ್ಲಿ ಸ್ವಲ್ಪ ಹೋಗಿ 140 ಲೀಟರು ಉಳಿದರೆ, ಶಾಖದ ಕೊರತೆಯನ್ನು ಕಳೆದು ಅದು ಸುಮಾರು 130 ಲೀಟರು ಮಾಮೂಲು ಡೀಸೆಲಿಗೆ ಸಮವಾಗುವುದು. ಐದು ಅಶ್ವಶಕ್ತಿಯ ಡೀಸೆಲ್ ಪಂಪು ಗಂಟೆಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚಾಗಿ ಕುಡಿಯುವುದರಿಂದ, ಇದು ಸುಮಾರು 120 ಗಂಟೆಗಳ ನೀರೆತ್ತುವ ಕೆಲಸಕ್ಕೆ ಸಾಲುವುದು. ಇದಲ್ಲದೆ 430 ಕಿಲೋಗ್ರಾಮಿನಷ್ಟು ಹಿಂಡಿಯು ಉಳಿಯುವುದು. ಅದರಲ್ಲಿ ನೂರಕ್ಕೆ 4ರಂತೆ 17 ಕಿಲೋಗ್ರಾಂ ಸಾರಜನಕವಿದ್ದು, ಅದು 37 ಕಿಲೋಗ್ರಾಂ ಯೂರಿಯಕ್ಕೆ ಸಮವಾಗುವುದು. ಯೂರಿಯದಂತೆ ಒಮ್ಮೆಗೇ ಕರಗಿಹೋಗದೆ ನಿಧಾನವಾಗಿ ಬೆಳೆಗೆ ದೊರೆಯುವುದೂ, ಬೇರಿನ ಕೆಲವು ಕೀಟಗಳನ್ನು ತಡೆಯುವುದೂ ಹಿಂಡಿಯ ವಿಶೇಷ ಗುಣಗಳು. ಇದು ಕಹಿಯೂ ದೋಷಯುಕ್ತವೂ ಆದುದರಿಂದ ಹಾಗೆಯೇ ದನಗಳಿಗೆ ತಿನ್ನಿಸಕೂಡದು.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಪಡುವುವು. ಬದುವಿನ ಮರಗಳು ಜಮೀನಿನ ಡೀಸೆಲನ್ನೆಲ್ಲ ಒದಗಿಸಲಾರವು. ಟ್ರ್ಯಾಕ್ಟರು ಉಳುವಾಗ ಗಂಟೆಗೆ ನಾಲ್ಕೈದು ಲೀಟರು ಕುಡಿಯುವುದರಿಂದ ಮೇಲಿನ ಎಣ್ಣೆಯು ಮೂರು ನಾಲ್ಕು ದಿನಗಳ ಉಳುಮೆಗೆ ಮಾತ್ರ ಬರುವುದು. ಆದರೆ ಬೇರೆ ಯಾವ ಬೆಳೆಗೂ ಬಾರದ ಸ್ಥಳದಲ್ಲಿ, ವಿಶೇಷ ವೆಚ್ಚವಿಲ್ಲದೆ ಇಷ್ಟು ದೊರೆಯುವುದಾದರೆ ಅದನ್ನು ಬಿಡುವುದೂ ವಿವೇಕವಲ್ಲ. ಬಹುಮಂದಿ ರೈತರಿಗೆ ಬೀಜವನ್ನಾಗಲಿ ಎಣ್ಣೆಯನ್ನಾಗಲಿ ಮಾರಿ ಹಿಂಡಿಯನ್ನು ಉಳಿಸಿಕೊಳ್ಳುವುದೇ ಲಾಭಕರವಾಗಿ ಕಾಣಬಹುದು. ಸಾಬೂನು ಮೊದಲಾದುವುಗಳಿಗೂ ಈ ಎಣ್ಣೆಯು ಬೇಕಾಗಿರುವುದರಿಂದ, ಎಣ್ಣೆಯ ಬೆಲೆಯು ಡೀಸೆಲಿನ ಬೆಲೆಯನ್ನು ಮೀರಿದ ವರ್ಷ ಅದನ್ನು ಯಂತ್ರದಲ್ಲಿ ಸುಡುವುದು ನಷ್ಟವು.

ಬಾಣಲೆಯ ಎಣ್ಣೆ

ಪಟ್ಟಣಗಳಲ್ಲಿ ಹೊಂಗೆಗಿಂತ ಸುಲಭವಾಗಿ ದೊರೆಯುವುದು ಕರಿದು ಉಳಿದ ಎಣ್ಣೆ. ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಆರೋಗ್ಯಕ್ಕೆ ಹಾನಿಕರವಾದ ಪದಾರ್ಥಗಳು ಹುಟ್ಟುವುದರಿಂದ, ಅಂತಹ ಪದಾರ್ಥಗಳು ನೂರಕ್ಕೆ 25 ಪಾಲನ್ನು ಮೀರಿದ ಎಣ್ಣೆಯನ್ನು ಅಡಿಗೆಗೆ ಉಪಯೋಗಿಸಕೂಡದೆಂಬ ನಿಯಮವು 2018ರ ಜುಲೈ 1ರಿಂದ ಜಾರಿಯಲ್ಲಿರುವುದು. ಆ ವರ್ಷದ ಆಗಸ್ಟಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಇಂತಹ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲಿಗೆ ಒದಗಿಸುವ ಯೋಜನೆಯನ್ನು ಆರಂಭಿಸಿತು. ಸರಸ್ವತಿಪುರಂನಂತಹ, ವಿದ್ಯಾರ್ಥಿನಿಲಯಗಳೂ ಹೋಟೆಲುಗಳೂ ಒತ್ತಾಗಿರುವ ಬಡಾವಣೆಯಲ್ಲಿ ಈ ಎಣ್ಣೆಯು ಚರಂಡಿಗೆ ಹೋದರೆ ಕೆರೆಯ ನೀರು ಕೆಡುವುದು. ಅಗ್ಗವಾಗಿ ಬೀದಿಯ ಅಂಗಡಿಗೆ ಹೋದರೆ ಮಕ್ಕಳ ಆರೋಗ್ಯವು ಕೆಡುವುದು. ಡೀಸೆಲಾದರೆ ಮಾತ್ರ ಎಲ್ಲರಿಗೂ ಕ್ಷೇಮ. ಮದುವೆ ಜಾತ್ರೆಗಳಲ್ಲಿ ಹೇರಳವಾಗಿ ಕರಿಯುವ ಗ್ರಾಮಗಳಿಗೂ ಈ ಮಾತು ಅನ್ವಯಿಸುವುದು.

ಎಣ್ಣೆಗಾಗಿ ಆಹಾರದ ಭೂಮಿಯನ್ನೂ ಕಾಡನ್ನೂ ಕಳೆದುಕೊಳ್ಳುವ ಅಪಾಯವು ಇದರಲ್ಲಿಲ್ಲವೆಂಬುದೂ ಗಮನಾರ್ಹ. ಇಂಡೊನೇಷ್ಯ ದೇಶವು ತಾಳೆಯೆಣ್ಣೆಯ ಡೀಸೆಲನ್ನು 2020ರಲ್ಲಿ ನೂರಕ್ಕೆ 30, 2023ರಲ್ಲಿ 35, 2025ರಲ್ಲಿ 40 ಪಾಲಿನವರೆಗೆ ಬೆರಸುವಂತೆ ವಿಧಿಸಿತು. ಅಲ್ಲಿ ತಾಳೆಯ ತೋಟಗಳಿಗಾಗಿ ವಿಸ್ತಾರವಾದ ಕಾಡುಗಳು ನಾಶವಾದುದನ್ನು ಲೆಕ್ಕಕ್ಕೆ ಹಿಡಿದರೆ, ಆ ಡೀಸೆಲು ಗಾಳಿಗೆ ಮಾಡುವ ಉಪಕಾರದ ಬಹುಭಾಗವು ಕಳೆದುಹೋಗುವುದು. ಮರದಿಂದ ಬಂದುದೆಂಬ ಮಾತ್ರಕ್ಕೆ ಯಾವ ಇಂಧನವೂ ನಿರ್ದೋಷವಾಗಲಾರದು.

ಗ್ರಾಮ ಮುಖಂಡರು ಗಮನಿಸಬೇಕಾದ ಸಂಗತಿಗಳು

ಮೇಲಿನ ವಿಷಯಗಳನ್ನು ಪರ್ಯಾಲೋಚಿಸಿ ಗ್ರಾಮದ ಮುಖಂಡರೂ ಜಮೀನುದಾರರೂ ಈ ಕೆಳಗಿನ ಸಲಹೆಗಳನ್ನು ಅನುಸರಿಸುವುದು ಒಳಿತು.

1. ‘ಬಯೋಡೀಸೆಲ್’ ಎಂಬ ಹೆಸರಿನಲ್ಲಿ ಬಿಲ್ಲಿಲ್ಲದೆ, ಬಂಕಿನ ಬೆಲೆಗಿಂತ ಬಹಳ ಕಡಮೆಗೆ ಮಾರುವ ಎಣ್ಣೆಯನ್ನು ಕೊಳ್ಳಕೂಡದು. ಕಾರ್ಖಾನೆಗಳ ಹಗುರವಾದ ಎಣ್ಣೆಗಳನ್ನು ಈ ಹೆಸರಿನಿಂದ ಮಾರಿದ ಮೋಸಗಳು ದೇಶದಲ್ಲಿ ನಡೆದಿವೆ. 2019ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಮಾರ್ಗಸೂಚಿಗಳ ಪ್ರಕಾರ ನೋಂದಣಿಯಾದ ಮಾರಾಟಗಾರರು ಮಾತ್ರ, ನಿಯಮಿತ ಮಾನದಂಡದ ಶುದ್ಧ ಜೈವಿಕ ಡೀಸೆಲನ್ನು ಡೀಸೆಲಿಗೆ ಬೆರಸುವ ಉದ್ದೇಶಕ್ಕೆ ಮಾರಬಹುದು.

2. ಈಚಿನ ಟ್ರ್ಯಾಕ್ಟರು ಮತ್ತು ವಾಹನಗಳಿಗೆ ಯಂತ್ರವನ್ನು ತಯಾರಿಸಿದವರು ಒಪ್ಪಿದ ಮಿಶ್ರಣವನ್ನಲ್ಲದೆ ಬೇರೆಯದನ್ನು ಹಾಕಕೂಡದು. ಹಸಿ ಎಣ್ಣೆಯನ್ನಂತೂ ಹಾಕಲೇಕೂಡದು.

3. ಜೈವಿಕ ಡೀಸೆಲ್ ಬೆರೆತ ಎಣ್ಣೆಯನ್ನು ವರ್ಷಗಟ್ಟಲೆ ಕೂಡಿಡದೆ, ನೀರು ಸೇರದ ಪೀಪಾಯಿಯಲ್ಲಿಟ್ಟು ಬೇಗ ಉಪಯೋಗಿಸತಕ್ಕದ್ದು. ಮೊದಲ ಸಲ ಉಪಯೋಗಿಸುವವರು ಸೋಸುಕವನ್ನು ಬೇಗನೆ ಬದಲಾಯಿಸತಕ್ಕದ್ದು.

4. ಹೊಂಗೆಯನ್ನು ಬದು, ಬೇಲಿ, ಕೆರೆಯ ಅಂಚು, ಶಾಲೆಯ ಬಯಲುಗಳಲ್ಲಿ ನೆಡಬೇಕು. ಹೆಚ್ಚು ಕಾಯಿಬಿಡುವ ಮರವನ್ನು ಗುರುತಿಸಿ ಅದರ ಕುಡಿಯಿಂದ ಕಸಿಮಾಡಿದ ಸಸಿಯು ಬೀಜದ ಸಸಿಗಿಂತ ಬೇಗ ಫಲಕ್ಕೆ ಬರುವುದು. ತಾಯಿಯ ಗುಣವನ್ನೂ ಉಳಿಸಿಕೊಳ್ಳುವುದು. ರಾಗಿ, ಭತ್ತ ಬೆಳೆಯುವ ನೆಲವನ್ನು ಇದಕ್ಕೆ ಕೊಡಕೂಡದು.

5. ಕಾಯಿಯನ್ನು ಮುಂಗಾರಿಗೆ ಮೊದಲೇ ಆಯ್ದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಸುಲಿದು, ತೇವವಿಲ್ಲದ ಸ್ಥಳದಲ್ಲಿಡಬೇಕು. ಸಾರ್ವಜನಿಕ ಸ್ಥಳದ ಮರಗಳ ಕಾಯಿಯನ್ನು ಆಯುವ ಕೆಲಸವನ್ನು ಭೂಮಿಯಿಲ್ಲದ ಕುಟುಂಬಗಳಿಗೂ ಸ್ತ್ರೀಯರ ಸಂಘಗಳಿಗೂ ಗ್ರಾಮ ಪಂಚಾಯತಿಯು ವಹಿಸಿದರೆ, ಬೇಸಗೆಯಲ್ಲಿ ಬೇರೆ ಕೂಲಿಯಿಲ್ಲದಿರುವಾಗ ಅವರಿಗೆ ಸ್ವಲ್ಪ ವರಮಾನವಾಗುವುದು.

6. ಯಾವ ಹೊಸ ಇಂಧನದ ಗಿಡವನ್ನಾದರೂ ಎಕರೆಗಟ್ಟಲೆ ನೆಡುವಂತೆ ಪ್ರೇರಿಸುವವರು ಬಂದರೆ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಈ ಸೀಮೆಯ ಮಳೆಯಲ್ಲಿ ಇದರ ಇಳುವರಿಯನ್ನು ಯಾರು, ಎಷ್ಟು ವರ್ಷ ಅಳೆದಿರುವರು? ಬೀಜವನ್ನು ಕೊಳ್ಳುವವರು ಯಾರು, ಕರಾರು ಎಲ್ಲಿ? ಕಾಯಿಬಿಡುವವರೆಗಿನ ವರ್ಷಗಳಲ್ಲಿ ಜೀವನಕ್ಕೆ ಆಧಾರವೇನು? ಉತ್ತರವು ಬರಹದಲ್ಲಿ ದೊರೆಯದಿದ್ದರೆ ಜಮೀನನ್ನು ಕೊಡಕೂಡದು.

ಒಟ್ಟಿನಲ್ಲಿ ಹೇಳುವುದಾದರೆ, ಇಂದಿನ ಸ್ಥಿತಿಯಲ್ಲಿ ಮಾಮೂಲು ಡೀಸೆಲನ್ನು ಒಮ್ಮೆಗೇ ಬಿಟ್ಟುಬಿಡುವುದು ಸಾಧ್ಯವಿಲ್ಲ. ಅದನ್ನೇ ಸಂಪೂರ್ಣವಾಗಿ ನಂಬಿಕೊಂಡಿರುವುದೂ ಕ್ಷೇಮವಲ್ಲ. ಕಾರ್ಖಾನೆಯಲ್ಲಿ ಸಂಸ್ಕರಿಸಿದ ನವೀನ ಡೀಸೆಲು ಮುಂದೆ ಬಂಕಿನ ಮೂಲಕವೇ ಬರುವ ದಿವಸ ಬಂದರೆ ರೈತನು ಯಾವ ತೊಂದರೆಯೂ ಇಲ್ಲದೆ ಅದನ್ನು ಉಪಯೋಗಿಸಬಹುದು. ಅಲ್ಲಿಯವರೆಗೆ ಅವನ ಕೈಯಲ್ಲಿರುವುದು ಬದುವಿನ ಹೊಂಗೆ. ಅದು ಡೀಸೆಲಿನ ಖರ್ಚಿನಲ್ಲಿ ಒಂದು ಪಾಲನ್ನು ತಗ್ಗಿಸಿ, ಗೊಬ್ಬರದ ಖರ್ಚಿನಲ್ಲಿ ಇನ್ನೊಂದು ಪಾಲನ್ನು ತಗ್ಗಿಸಿ, ಬಾಕಿ ಕಾಲದಲ್ಲಿ ದನಕ್ಕೂ ಜನಕ್ಕೂ ನೆರಳು ಕೊಡುವುದು. ಈ ಮಳೆಗಾಲದಲ್ಲಿ ನೆಟ್ಟ ಸಸಿಯು ಕಾಯಿಬಿಡುವುದಕ್ಕೆ ಕೆಲವು ವರ್ಷಗಳು ಹಿಡಿಯುವುದರಿಂದ, ನೆಡಬೇಕೆಂದಿರುವವರು ಕಾಲಹರಣ ಮಾಡದಿರುವುದು ಲೇಸು.